ಏಸಿ ಕಟ್ಟೇಶಾರಾ?

ಏಪ್ರಿಲ್ ಇಪ್ಪತ್ತನಾಲ್ಕು, ಶುಕ್ರವಾರ, ಮಧ್ಯಾಹ್ನ ಹನ್ನೆರಡು ಗಂಟೆ ಐದು ನಿಮಿಷಕ್ಕೆ ಶ್ರೀಕಂಠ ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿರುವ ತನ್ನ ಬಾಡಿಗೆ ಮನೆಗೆ ಬೀಗ ಹಾಕಿದ. ಆಗ ಕರೆಂಟ್ ಇರಲಿಲ್ಲ.

ಹನ್ನೆರಡು ಮೂವತ್ತೆರಡಕ್ಕೆ ಕರೆಂಟ್ ಬಂತು. ಮಲಗುವ ಕೋಣೆಯ ಏಸಿ ಒಮ್ಮೆ ಬೀಪ್ ಎಂದು ತಾನಾಗಿಯೇ ಶುರುವಾಯಿತು. ಕರೆಂಟ್ ಹೋಗುವಾಗ ಯಾವ ಸ್ಥಿತಿಯಲ್ಲಿತ್ತೋ, ಬಂದಾಗ ಅದೇ ಸ್ಥಿತಿಗೆ ಮರಳುವ ಗುಣ ಈಚಿನ ಏಸಿಗಳಿಗೆ ಇದೆ. ಕರೆಂಟ್ ಹೋಗುವಾಗ ಅದು ಇಪ್ಪತ್ತೆರಡು ಡಿಗ್ರಿಯಲ್ಲಿ ಓಡುತ್ತಿತ್ತು. ಆ ಹೊತ್ತಿಗೆ ಶ್ರೀಕಂಠ ರತ್ನಾಚಲ್ ಎಕ್ಸ್‌ಪ್ರೆಸ್ಸಿನ ಕಿಟಕಿ ಪಕ್ಕ ಕೂತು, ವಿಜಯವಾಡದಲ್ಲಿರುವ ಹೆಂಡತಿಗೆ ಮೆಸೇಜ್ ಬರೆಯುತ್ತಿದ್ದ. ಇವತ್ತಿನ ಮೀಟರ್ ರೀಡಿಂಗಿನ ಫೋಟೋ ಇನ್ನೂ ಬಂದಿಲ್ಲ ಎಂಬುದು ಅದರ ಒಕ್ಕಣೆ.

ಶ್ರೀಕಂಠನಿಗೆ ನಲವತ್ತಾರು ವರ್ಷ. ಊರು ನಂಜನಗೂಡು. ಒಂದು ಸರ್ಕಾರಿ ಬ್ಯಾಂಕಿನಲ್ಲಿ ಸಾಲ ವಸೂಲಿ ವಿಭಾಗದ ಮ್ಯಾನೇಜರು. ಹೆಂಡತಿ ಗಗನಾ ಐದು ವರ್ಷದಿಂದ ವಿಜಯವಾಡದ ಒಂದು ಖಾಸಗಿ ಆಸ್ಪತ್ರೆಯ ಲ್ಯಾಬ್ ನೋಡಿಕೊಳ್ಳುತ್ತಿದ್ದಳು. ಹೆಂಡತಿ ಇರುವ ಊರಿಗೆ ವರ್ಗ ಕೊಡಿ ಎಂದು ಇವನು ಮೈಸೂರಿನಿಂದ ನಾಲ್ಕು ಅರ್ಜಿ ಹಾಕಿದ್ದ. ರಾಜ್ಯ ಒಂದೇ ತಾನೇ ಎಂದು ಬ್ಯಾಂಕು ಅವನನ್ನು ಮುನ್ನೂರೈವತ್ತು ಕಿಲೋಮೀಟರು ಆಚೆಯ ವಿಶಾಖಪಟ್ಟಣಕ್ಕೆ ಹಾಕಿತು. ಅಲ್ಲಿಗೆ ಬಂದು ಎಂಟು ತಿಂಗಳಾಗಿತ್ತು.

ಆ ಶುಕ್ರವಾರ ಹತ್ತೂಕಾಲಿಗೆ ಅವನ ಮೇಲಿನವರು ಕರೆದು, ಈ ಕ್ಷಣದಿಂದ ಹತ್ತು ಕೆಲಸದ ದಿನ ನಿಮಗೆ ಕಡ್ಡಾಯ ರಜೆ, ಕಂಪ್ಯೂಟರ್ ಮುಟ್ಟಬೇಡಿ ಎಂದರು. ಇದು ಶಿಕ್ಷೆಯಲ್ಲ. ದುಡ್ಡಿನ ಕೆಲಸ ಮಾಡುವ ಅಧಿಕಾರಿಗಳನ್ನು ಬ್ಯಾಂಕುಗಳು ವರ್ಷಕ್ಕೊಮ್ಮೆ ಹೀಗೆ ಹೇಳದೆ ಕೇಳದೆ ಮನೆಗೆ ಕಳಿಸುತ್ತವೆ. ಅವರಿಲ್ಲದಾಗ ಏನಾದರೂ ಹೊರಬೀಳುತ್ತದೆಯೇ ನೋಡುವುದು ಉದ್ದೇಶ. ಶ್ರೀಕಂಠ ಮನೆಗೆ ಬಂದು, ಸೆಕೆ ಎಂದು ಏಸಿ ಹಾಕಿ, ಬ್ಯಾಗ್ ತುಂಬತೊಡಗಿದ. ಹನ್ನೊಂದೂಮುಕ್ಕಾಲಿಗೆ ಕರೆಂಟ್ ಹೋಯಿತು. ಹೊರಡುವ ಮುಂಚೆ ಕೋಣೆ ಕೋಣೆಗೂ ಹೋಗಿ ತಲೆಯೆತ್ತಿ ನೋಡಿದ. ಒಂದು ಲೈಟೂ ಉರಿಯುತ್ತಿರಲಿಲ್ಲ, ಒಂದು ಫ್ಯಾನೂ ತಿರುಗುತ್ತಿರಲಿಲ್ಲ. ತೃಪ್ತಿಯಾಯಿತು. ಫ್ರಿಜ್ಜಿನಲ್ಲಿ ಮೊಸರಿದ್ದುದರಿಂದ ಮೇನ್ ಸ್ವಿಚ್ಚಿಗೆ ಕೈ ಹಚ್ಚಲಿಲ್ಲ.

ವಿಜಯವಾಡದ ಮನೆ ಮೊಗಲ್‌ರಾಜಪುರದಲ್ಲಿ, ಬಂಡೆಗುಡ್ಡದ ಬುಡದಲ್ಲಿ, ತಾರಸಿಯ ಕೆಳಗಿನ ಮೂರನೇ ಮಹಡಿ. ಅಲ್ಲಿ ಗಗನಾ, ಹನ್ನೆರಡು ವರ್ಷದ ಮಗಳು ಇಂಚರಾ, ಮತ್ತು ಗಗನಾಳ ತಾಯಿ ಗಿರಿಜಮ್ಮ ಇದ್ದರು. ಗಿರಿಜಮ್ಮನವರಿಗೆ ಅರವತ್ತೇಳು, ಅವರ ಊರೂ ನಂಜನಗೂಡೇ. ಅವರ ಕೋಣೆ ಪಶ್ಚಿಮಕ್ಕೆ. ಮಧ್ಯಾಹ್ನವೆಲ್ಲ ಬಿಸಿಲು ತಿಂದ ಗೋಡೆ ರಾತ್ರಿ ಹತ್ತಾದರೂ ದೋಸೆ ಹೆಂಚಿನ ಹಾಗೆ ಇರುತ್ತಿತ್ತು. ಏಪ್ರಿಲ್ ಮೊದಲ ವಾರ ಅವರ ಬಿಪಿ ನೂರಾಎಪ್ಪತ್ತು ಮುಟ್ಟಿತು. ಮಾತ್ರೆ ಬದಲಿಸಿದ ಡಾಕ್ಟರು, ಮೇ ತಿಂಗಳಲ್ಲಿ ಇವರನ್ನು ಆ ಕೋಣೆಯಲ್ಲಿ ಮಲಗಿಸಬೇಡಿ, ಇಲ್ಲವೇ ಆ ಕೋಣೆಗೆ ಏಸಿ ಹಾಕಿಸಿ ಎಂದರು. ಇದ್ದದ್ದು ಎರಡು ಕೋಣೆ. ಇನ್ನೊಂದು ಕೋಣೆಯ ಗೋಡೆಯೂ ಪಶ್ಚಿಮಕ್ಕೇ.

ಏಸಿ ಕೇಳಿದ್ದಕ್ಕೆ ಶ್ರೀಕಂಠ ಇಲ್ಲ ಎನ್ನಲಿಲ್ಲ. ಸಾಲ ಕೇಳಲು ಬಂದವರಿಗೆ ಬ್ಯಾಂಕು ಇಲ್ಲ ಎನ್ನುವುದಿಲ್ಲ, ಅರ್ಹತೆ ನೋಡುತ್ತದೆ. ಅವನು ಮನೆಯ ವಾಟ್ಸಾಪ್ ಗುಂಪಿನಲ್ಲಿ ಒಂದು ಸುತ್ತೋಲೆ ಹೊರಡಿಸಿದ. ಆಂಧ್ರದಲ್ಲಿ ತಿಂಗಳಿಗೆ ಇನ್ನೂರಿಪ್ಪತ್ತೈದು ಯೂನಿಟ್ ದಾಟಿದರೆ, ದಾಟಿದ ಪ್ರತಿ ಯೂನಿಟ್ಟಿನ ದರ ಆರು ರೂಪಾಯಿಯಿಂದ ಎಂಟೂಮುಕ್ಕಾಲಿಗೆ ಏರುತ್ತದೆ. ಏಸಿ ಇಲ್ಲದೆಯೇ ಆ ಗೆರೆ ದಾಟುವ ಮನೆಗೆ ಏಸಿ ಕೊಡುವುದು ಹೇಗೆ? ಆದ್ದರಿಂದ ಏಪ್ರಿಲ್ ಆರರಿಂದ ಮೇ ಆರರ ರೀಡಿಂಗಿನೊಳಗೆ ಬಳಕೆ ಇನ್ನೂರಿಪ್ಪತ್ತೈದರಲ್ಲಿ ನಿಂತರೆ ಏಸಿ ಮಂಜೂರು. ಒಂದು ಯೂನಿಟ್ ಹೆಚ್ಚಾದರೂ ಮುಂದಿನ ತಿಂಗಳು ಮತ್ತೆ ಪರಿಶೀಲನೆ. ಮುಂದಿನ ತಿಂಗಳು ಎಂದರೆ ಜೂನ್, ಅಂದರೆ ಬೇಸಿಗೆ ಮುಗಿದ ಮೇಲೆ.

ನಿಮ್ಮ ವೈಜಾಗ್ ಮನೆಯಲ್ಲಿ ಏಸಿ ಇದೆಯಲ್ಲ ಎಂದು ಗಗನಾ ಕೇಳಿದ್ದಳು. ಅದು ಓನರ್ ಹಾಕಿಸಿಟ್ಟಿದ್ದು, ಅದಕ್ಕೆ ಬೇರೆಯಾಗಿ ತಿಂಗಳಿಗೆ ಆರುನೂರು ಬಾಡಿಗೆ ಕೊಡುತ್ತೇನೆ, ಹಾಕುವುದು ಅಪರೂಪ ಎಂದು ಉತ್ತರ ಬಂದಿತ್ತು. ಮೂರೂ ನಿಜವೇ.

ಶನಿವಾರ ಬೆಳಿಗ್ಗೆ ಶ್ರೀಕಂಠ ಖುದ್ದಾಗಿ ಕೆಳಗಿಳಿದು ಮೀಟರ್ ನೋಡಿ ಬಂದ. ಹತ್ತೊಂಬತ್ತು ದಿನಕ್ಕೆ ನೂರಾಎಪ್ಪತ್ತೊಂದು ಯೂನಿಟ್ ಆಗಿತ್ತು. ಉಳಿದ ಹನ್ನೊಂದು ದಿನಕ್ಕೆ ಐವತ್ತನಾಲ್ಕು, ದಿನಕ್ಕೆ ಐದೂ ಇಲ್ಲ. ಇದುವರೆಗೆ ದಿನಕ್ಕೆ ಒಂಬತ್ತು ಹೋಗುತ್ತಿತ್ತು.

"ಅತ್ತೆ, ಇನ್ನು ಸ್ವಲ್ಪ ಬಿಗಿ ಮಾಡ್ಬೇಕು," ಎಂದ.

"ಮಾಡಿ ಅಳಿಯಂದ್ರೆ. ನನ್ನ ಸೆರಗು ಒಂದು ಬಿಟ್ಟು ಇನ್ನೇನ್ ಬೇಕಾದ್ರೂ ಬಿಗಿ ಮಾಡಿ," ಎಂದರು ಗಿರಿಜಮ್ಮ.

ಬಿಗಿ ಶುರುವಾಯಿತು. ಇಂಡಕ್ಷನ್ ಒಲೆ ಅಟ್ಟಕ್ಕೆ ಹೋಯಿತು. ಕೂಲರಿಗೆ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಮಾತ್ರ ಅನುಮತಿ. ಟಿವಿಯ ಸೆಟ್‌ಟಾಪ್ ಡಬ್ಬಿ ಕೆಂಪು ದೀಪ ಉರಿಸಿಕೊಂಡು ಸುಮ್ಮನೆ ಕೂತಾಗಲೂ ಕರೆಂಟ್ ತಿನ್ನುತ್ತದೆ ಎಂದು ಅದರ ಪಿನ್ ಕಿತ್ತು ತನ್ನ ಜೇಬಿನಲ್ಲಿ ಇಟ್ಟುಕೊಂಡ. ಧಾರಾವಾಹಿ ಬೇಕಾದವರು ಅವನ ಜೇಬಿಗೆ ಅರ್ಜಿ ಹಾಕಬೇಕು. ಹದಿನಾಲ್ಕು ವರ್ಷದ ಫ್ರಿಜ್ಜಿನ ಬಾಗಿಲು ತೆರೆಯುವ ಮುಂಚೆ ಏನು ಬೇಕೆಂದು ನಿರ್ಧರಿಸಿಕೊಂಡೇ ತೆರೆಯಬೇಕು. ಇಂಚರಾ ಒಮ್ಮೆ ಬಾಗಿಲು ತೆರೆದು ನಿಂತು ಯೋಚಿಸುತ್ತಿದ್ದಾಗ ಅವನು ಹನ್ನೊಂದು ಸೆಕೆಂಡು ಎಂದು ಎಣಿಸಿ ಹೇಳಿದ. ಇಸ್ತ್ರಿ ವಾರಕ್ಕೊಮ್ಮೆ. ಗಗನಾ ಸುಕ್ಕು ಬಿದ್ದ ಸಲ್ವಾರಿನಲ್ಲಿ ಆಸ್ಪತ್ರೆಗೆ ಹೋದಳು. ಗಿರಿಜಮ್ಮನವರ ಫ್ಯಾನು ಐದರಿಂದ ಮೂರಕ್ಕೆ ಇಳಿಯಿತು. ಅವರು ಸೀರೆಯ ಅಂಚು ಒದ್ದೆ ಮಾಡಿಕೊಂಡು ಕತ್ತಿಗೆ ಹಾಕಿಕೊಂಡು ಮಲಗಿದರು. ಐದಕ್ಕೆ ತಿರುಗಿಸಲಿಲ್ಲ. ಅವರಿಗೆ ಏಸಿ ಬೇಕಿತ್ತು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಶ್ರೀಕಂಠ ಸ್ಟೂಲು ಹತ್ತಿ ಫ್ಯಾನಿನ ರೆಕ್ಕೆ ಒರೆಸುತ್ತಿದ್ದಾಗ ಅವನಿಗೆ ವಿಶಾಖಪಟ್ಟಣದಿಂದ ಫೋನ್ ಬಂತು. ಮನೆಯ ಓನರ್ ಕಾಮೇಶ್ವರ ರಾವು. ಇವನ ಮನೆಯ ಕೆಳಗಿನ ಮಹಡಿಯಲ್ಲೇ ಅವರ ವಾಸ. ನಿವೃತ್ತ ಮೇಷ್ಟ್ರು, ಬಹಳ ಮರ್ಯಾದಸ್ಥರು, ಬಾಡಿಗೆ ಕೇಳುವ ಮೊದಲೂ ಆರೋಗ್ಯ ವಿಚಾರಿಸುವವರು. ಮೇಲಿನ ಮನೆಯ ಏಸಿಯ ನೀರು ಎರಡು ದಿನದಿಂದ ಹಗಲೂ ರಾತ್ರಿ ಅವರ ಬಾಲ್ಕನಿಗೆ ತೊಟ್ಟಿಕ್ಕುತ್ತಿತ್ತು. ಆರೋಗ್ಯ ವಿಚಾರಿಸಿದ ಮೇಲೆ ಕೇಳಿದರು:

"ಏಸಿ ಕಟ್ಟೇಶಾರಾ ಅಂಡೀ?"

ಶ್ರೀಕಂಠನ ತೆಲುಗು ಬ್ಯಾಂಕಿನಲ್ಲಿ ಕಲಿತದ್ದು. ಅಲ್ಲಿ ಅವನು ದಿನಕ್ಕೆ ನಲವತ್ತು ಸಲ ಹೇಳುವ ಮಾತೇ ಇದು: ಕಂತು ಕಟ್ಟೇಶಾರಾ, ಬಡ್ಡಿ ಕಟ್ಟೇಶಾರಾ. ಕನ್ನಡದಲ್ಲೂ ಕಟ್ಟುವುದೇ, ತೆಲುಗಿನಲ್ಲೂ ಕಟ್ಟುವುದೇ, ಇಷ್ಟು ಸಲೀಸಾದ ಕ್ರಿಯಾಪದ ಇನ್ನೊಂದಿಲ್ಲ ಎಂದು ಅವನ ಅಭಿಪ್ರಾಯ. ಆದರೆ ಅದೇ ಮಾತನ್ನು ತೆಲುಗರು ಮನೆಯಲ್ಲಿ ನಲ್ಲಿಗೂ ಒಲೆಗೂ ಫ್ಯಾನಿಗೂ ಆಡುತ್ತಾರೆ, ಆಗ ಅದರ ಅರ್ಥ ಆಫ್ ಮಾಡುವುದು. ಒಬ್ಬನೇ ಇರುವ ಮನೆಯಲ್ಲಿ ಇವನಿಗೆ ಫ್ಯಾನ್ ಆಫ್ ಮಾಡು ಎನ್ನುವವರು ಯಾರಿದ್ದರು? ಏಸಿಯ ಆರುನೂರು ರೂಪಾಯಿ ಬಾಡಿಗೆ ಕಟ್ಟಿದ್ದೀರಾ ಎಂದು ಕೇಳಿದಂತೆ ಅವನಿಗೆ ಕೇಳಿಸಿತು. ವಸೂಲಿ ವಿಭಾಗದ ಮನುಷ್ಯನಿಗೆ ಆ ಪ್ರಶ್ನೆ ಸ್ವಲ್ಪ ಚುಚ್ಚಿತು.

"ಕಟ್ಟೇಶಾನಂಡಿ. ಒಕಟೋ ತಾರೀಖೇ," ಎಂದ. ಒಂದನೇ ತಾರೀಖೇ ಕಟ್ಟಿದ್ದೇನೆ ಎಂದು ಅವನ ಭಾವ.

ಒಂದನೇ ತಾರೀಖಿನಿಂದಲೇ ಏಸಿ ಆಫ್ ಎಂದು ಕಾಮೇಶ್ವರ ರಾವು ಅರ್ಥ ಮಾಡಿಕೊಂಡರು. ತಲೆಯೆತ್ತಿ ಮೇಲೆ ನೋಡಿದರು. ಏಸಿಯ ಹೊರಗಿನ ಪೆಟ್ಟಿಗೆ ಗುಂಯ್ ಎನ್ನುತ್ತಿತ್ತು. ಬ್ಯಾಂಕ್ ಮ್ಯಾನೇಜರು ಸುಳ್ಳು ಹೇಳುವುದಿಲ್ಲ. ಹಾಗಾದರೆ ಏಸಿ ಹಾಕಿಕೊಂಡವರು ಬೇರೆ ಯಾರೋ. ಸಿಂಹಾಚಲಕ್ಕೆ ದರ್ಶನಕ್ಕೆಂದು ಬರುವ ನೆಂಟರು ವಿಶಾಖಪಟ್ಟಣದ ಯಾವ ಮನೆಗೂ ತಪ್ಪಿದ್ದಲ್ಲ. ಸಾರ್ ಊರಿಗೆ ಹೋಗುವಾಗ ಬೀಗದ ಕೈ ಯಾರಿಗೋ ಕೊಟ್ಟಿರಬೇಕು, ಹೇಳಲು ಸಂಕೋಚ. ಅವರು ತೊಟ್ಟಿಕ್ಕುವ ನೀರಿಗೆ ಒಂದು ಬಕೆಟ್ ಇಟ್ಟು ಸುಮ್ಮನಾದರು.

ಬುಧವಾರ ಮೊಗಲ್‌ರಾಜಪುರದ ಮನೆಯ ಕೂಲರಿನ ಪಂಪು ಕೆಟ್ಟಿತು. ರಿಪೇರಿಗೆ ಬಂದ ಎಲೆಕ್ಟ್ರಿಷಿಯನ್ ಫಣೀಂದ್ರ ಗಿರಿಜಮ್ಮನವರ ಕೋಣೆಯಲ್ಲಿ ಫ್ಯಾನು ನಿಧಾನಕ್ಕೆ ತಿರುಗುತ್ತಿರುವುದನ್ನು ನೋಡಿ, ಯಾಕೆ ಹೀಗೆ ಎಂದು ಕೇಳಿದ. ಕರೆಂಟ್ ಉಳಿಸಲು ಎಂದು ಇಂಚರಾ ತೆಲುಗಿನಲ್ಲಿ ಹೇಳಿದಳು. ಅವನು ಗೋಡೆಯ ಮೇಲಿನ ಹಳೇ ಕಾಲದ ದಪ್ಪ ರೆಗ್ಯುಲೇಟರ್ ಮೇಲೆ ಕೈ ಇಟ್ಟು, ಎಲ್ಲರಿಗೂ ಇಟ್ಟು ನೋಡಿ ಎಂದ. ಅದು ಬಿಸಿಯಾಗಿತ್ತು. ಹೊಸ ನಮೂನೆಯದಾದರೆ ಸ್ಪೀಡು ಇಳಿಸಿದಷ್ಟು ಕರೆಂಟ್ ಉಳಿಯುತ್ತದೆ, ಇದರಲ್ಲಿ ಫ್ಯಾನು ಬಿಟ್ಟ ಕರೆಂಟಿನ ಬಹುಪಾಲು ಈ ಡಬ್ಬಿಯೊಳಗೇ ಕಾವಾಗಿ ಹೋಗುತ್ತದೆ ಎಂದು ವಿವರಿಸಿದ. ಇಂಚರಾ ಅದನ್ನು ಅಜ್ಜಿಗೆ ತನ್ನ ಕನ್ನಡದಲ್ಲಿ ದಾಟಿಸಿದಳು.

ಗಿರಿಜಮ್ಮ ಡಬ್ಬಿಯ ಮೇಲೆ ಇನ್ನೊಮ್ಮೆ ಕೈ ಇಟ್ಟರು.

"ಅಂದ್ರೆ ನಾಲ್ಕು ದಿನ ನಾನು ಬೆವೆತಿದ್ದು ಈ ಡಬ್ಬಿ ಚಳಿ ಕಾಯಿಸ್ಕೊಳ್ಲಿ ಅಂತಾನಾ?"

"ಸ್ವಲ್ಪ ಉಳಿದಿರುತ್ತೆ ಅತ್ತೆ. ಪೂರ್ತಿ ದಂಡ ಅಲ್ಲ," ಎಂದ ಶ್ರೀಕಂಠ.

"ಎಷ್ಟು ಉಳೀತೋ ಅಷ್ಟು ನಿಮ್ಮ ಜೇಬಲ್ಲಿ ಇಟ್ಕೊಳಿ. ಟಿವಿ ಪಿನ್ ಪಕ್ಕ ಜಾಗ ಇರ್ಬೇಕು."

ಫ್ಯಾನು ಐದಕ್ಕೆ ಹೋಯಿತು. ಅವತ್ತು ವಿಜಯವಾಡದಲ್ಲಿ ನಲವತ್ತಮೂರು ಡಿಗ್ರಿ. ಅದೇ ಸಂಜೆ ಗಿರಿಜಮ್ಮನವರಿಗೆ ತಲೆ ಸುತ್ತಿತು. ಗಗನಾ ಬಿಪಿ ನೋಡಿದಳು, ನೂರಾಅರವತ್ತೆಂಟು. ಅವಳು ಬಿಪಿ ಯಂತ್ರದ ಫೋಟೋ ತೆಗೆದು ವಾಟ್ಸಾಪ್ ಗುಂಪಿನಲ್ಲಿ, ಅವತ್ತಿನ ಮೀಟರ್ ಫೋಟೋದ ಕೆಳಗೆ ಹಾಕಿದಳು. ಶ್ರೀಕಂಠ ಎರಡನ್ನೂ ನೋಡಿದ. ರಾತ್ರಿ ಕೂಲರನ್ನು ಅತ್ತೆಯ ಕೋಣೆಗೆ ತಾನೇ ತಳ್ಳಿಕೊಂಡು ಹೋಗಿ ಇಟ್ಟ. ಸುತ್ತೋಲೆಯನ್ನು ಮಾತ್ರ ಹಿಂತೆಗೆದುಕೊಳ್ಳಲಿಲ್ಲ. ಇನ್ನು ಏಳೇ ದಿನ, ಇಷ್ಟು ಕಷ್ಟಪಟ್ಟ ಮೇಲೆ ಗೆರೆಯೊಳಗೆ ನಿಂತೇ ನಿಲ್ಲುತ್ತದೆ ಎಂದು ಹೆಂಡತಿಗೆ ಹೇಳಿದ. ಹಾಗೆ ಅವನು ನಂಬಿಯೂ ಇದ್ದ.

ವಿಶಾಖಪಟ್ಟಣದಲ್ಲಿ ಶುಕ್ರವಾರ ಕಾಮೇಶ್ವರ ರಾವು ಅವರ ಹೆಂಡತಿ ಪುಳಿಹೋರ, ಅಂದರೆ ಅಲ್ಲಿಯ ಪುಳಿಯೋಗರೆ, ಮಾಡಿದ್ದರು. ಮೇಲಿನ ಮನೆಯ ನೆಂಟರಿಗೆ ಒಂದು ತಟ್ಟೆ ತೆಗೆದುಕೊಂಡು ಹೋಗಿ ಬಾಗಿಲು ತಟ್ಟಿದರು. ಯಾರೂ ತೆಗೆಯಲಿಲ್ಲ. ಬೀಗ ಬಾಗಿಲಿನೊಳಗೇ ಕೂತಿರುವ ನಮೂನೆಯದು, ಹಾಕಿದೆಯೋ ಇಲ್ಲವೋ ಹೊರಗಿನಿಂದ ತಿಳಿಯದು. ಬಾಗಿಲ ಸಂದಿಯಿಂದ ತಣ್ಣನೆ ಗಾಳಿ ಅವರ ಪಾದಕ್ಕೆ ತಾಗುತ್ತಿತ್ತು. ಒಳಗಿರುವವರು ತುಂಬ ನಾಚಿಕೆಯವರು, ಬಹುಶಃ ಹೊಸದಾಗಿ ಮದುವೆಯಾದವರು ಎಂದು ಗಂಡನಿಗೆ ಬಂದು ಹೇಳಿದರು. ಕಾಮೇಶ್ವರ ರಾವು ಅವರ ಬಳಿ ಇನ್ನೊಂದು ಬೀಗದ ಕೈ ಇತ್ತು. ಹೊಸದಾಗಿ ಮದುವೆಯಾದವರಿರುವ ಮನೆಯನ್ನು ಬೀಗ ತೆರೆದು ನೋಡುವವರು ಅವರಲ್ಲ.

ಮೇ ಮೂರು, ಭಾನುವಾರ, ಬೆಳಿಗ್ಗೆ ಒಂಬತ್ತೂವರೆಗೆ ಶ್ರೀಕಂಠ ಮೀಟರ್ ನೋಡಿ ಮೂರು ಮಹಡಿ ಹತ್ತಿ ಬಂದ. ಇನ್ನೂರಿಪ್ಪತ್ತಾರು. ರೀಡಿಂಗಿಗೆ ಇನ್ನೂ ಮೂರು ದಿನ ಬಾಕಿ.

ಅವನು ಕುರ್ಚಿಯಲ್ಲಿ ಕೂತು ಮುಖ ಒರೆಸಿಕೊಂಡ. ಸಾಲದ ಅರ್ಜಿ ತಿರಸ್ಕರಿಸುವಾಗ ಬಳಸುವ ದನಿಯಲ್ಲಿ, ನೀವೆಲ್ಲ ತುಂಬ ಪ್ರಯತ್ನಪಟ್ಟಿರಿ, ದಿನಕ್ಕೆ ಒಂಬತ್ತು ಇದ್ದದ್ದು ಏಳಕ್ಕೆ ಬಂದಿದೆ, ಇದು ಸಣ್ಣ ಸಾಧನೆ ಅಲ್ಲ ಎಂದ. ಆದರೆ, ಎಂದ.

"ಒಂದು ಯೂನಿಟ್‌ಗಾ ರೀ?" ಎಂದಳು ಗಗನಾ. "ಅಮ್ಮನ ಬಿಪಿ ನೋಡಿದ್ರಲ್ಲ."

"ಒಂದು ಯೂನಿಟ್ ಬಿಟ್ರೆ ನಾಳೆ ಹತ್ತು ಬಿಡ್ಬೇಕಾಗುತ್ತೆ. ನಾನೂ ಅದೇ ರೂಲ್‌ನಲ್ಲಿ ಅಲ್ವಾ ಇರೋದು? ವೈಜಾಗ್‌ನಲ್ಲಿ ನನ್ನ ಮನೆ ತಿಂಗಳಿಗೆ ತೊಂಬತ್ತು ದಾಟಲ್ಲ."

ಗಿರಿಜಮ್ಮ ಬೆಳಗಿನ ಮಾತ್ರೆ ನುಂಗಿ, ಲೋಟ ಮೇಜಿನ ಮೇಲಿಟ್ಟು, ನಂಜನಗೂಡಿಗೆ ಯಾವ ರೈಲು ಎಂದು ಮೊಮ್ಮಗಳನ್ನು ಕೇಳಿದರು. ಇಂಚರಾ ಅಮ್ಮನ ಫೋನಿನಲ್ಲಿ ಹುಡುಕಲು ಶುರುಮಾಡಿದಳು. ಗಗನಾ ಅವಳ ಕೈಯಿಂದ ಫೋನ್ ಕಿತ್ತುಕೊಂಡಳು.

ಹತ್ತು ಗಂಟೆ ಹತ್ತು ನಿಮಿಷಕ್ಕೆ ಆ ಫೋನೇ ಹೊಡೆದುಕೊಂಡಿತು. ಮಾಡಿದವರು ಕಾಮೇಶ್ವರ ರಾವು. ತುರ್ತಿಗೆ ಇರಲಿ ಎಂದು ಬಾಡಿಗೆ ಕರಾರಿನಲ್ಲಿ ಗಗನಾಳ ನಂಬರೂ ಇತ್ತು. ಆರೋಗ್ಯ ವಿಚಾರಿಸಿ, ಬಹಳ ಹಿಂದುಮುಂದು ನೋಡಿ ಅವರು ಹೇಳಿದ್ದು ಇಷ್ಟು: ಮೀಟರ್ ಬೋರ್ಡಿನ ಹತ್ತಿರ ಹೋಗಿದ್ದೆ, ನಿಮ್ಮ ಮನೆಯ ಮೀಟರ್ ಬಹಳ ಜೋರಾಗಿ ಓಡುತ್ತಿದೆ, ತಪ್ಪು ತಿಳಿಯಬೇಡಿ ಅಮ್ಮಾ, ನಿಮ್ಮ ಮನೆಯಲ್ಲಿರುವ ದಂಪತಿ ಇನ್ನೂ ಎಷ್ಟು ದಿನ ಇರುತ್ತಾರೆ?

ಗಗನಾ ಗಂಡನ ಮುಖ ನೋಡಿದಳು. ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು.

"ವೈಜಾಗ್ ಮನೇಲಿ ಯಾವ ದಂಪತಿ ರೀ?"

ಶ್ರೀಕಂಠನಿಗೆ ದಂಪತಿಗಳ ಸುಳಿವೇ ಇರಲಿಲ್ಲ. ಅವನು ಕಾಮೇಶ್ವರ ರಾವು ಅವರಿಗೆ ತನ್ನ ಬ್ಯಾಂಕಿನ ತೆಲುಗಿನಲ್ಲಿ ಮನೆಯಲ್ಲಿ ಯಾರೂ ಇಲ್ಲ ಎಂದ. ಅವರು, ಒಂಬತ್ತು ದಿನದಿಂದ ಏಸಿ ಓಡುತ್ತಿದೆಯಲ್ಲ, ಹೋದ ಭಾನುವಾರ ಕೇಳಿದಾಗ ಕಟ್ಟೇಶಾನು ಎಂದಿರಲ್ಲ ಎಂದರು. ಅವನು, ಹೌದು ಕಟ್ಟೇಶಾನು, ಆರುನೂರು, ರಸೀದಿ ಇದೆ ಎಂದ. ಇಂಚರಾ ಬಾಯಿ ಮುಚ್ಚಿಕೊಂಡು ನಗಲು ಶುರುಮಾಡಿದ್ದಳು.

"ಅಪ್ಪಾ, ಏಸಿ ಕಟ್ಟೇಶಾರಾ ಅಂದ್ರೆ ಆಫ್ ಮಾಡಿದ್ರಾ ಅಂತ. ದುಡ್ಡಲ್ಲ. ಆ ತಾತಗಾರು ಆಫ್ ಮಾಡಿದ್ರಾ ಅಂತ ಕೇಳಿದ್ರು, ನೀನು ಹೂಂ ಅಂದ್ಯಾ?"

ಕಾಮೇಶ್ವರ ರಾವು ಬೀಗ ತೆರೆದು ಒಳಗೆ ಹೋದರು. ಫೋನು ಅವರ ಕೈಯಲ್ಲೇ ಇತ್ತು, ಎಲ್ಲರಿಗೂ ಬಾಗಿಲ ಸದ್ದು ಕೇಳಿಸಿತು. ಯಾರೂ ಇಲ್ಲ ಎಂದರು. ಕೋಣೆ ಬಹಳ ತಣ್ಣಗಿದೆ ಎಂದರು. ಮಂಚದ ಮೇಲೆ ಮಡಿಸಿಟ್ಟ ಒಂದು ಲುಂಗಿ ಇದೆ, ಅದೂ ತಣ್ಣಗಿದೆ ಎಂದು ಮುಟ್ಟಿ ನೋಡಿ ಹೇಳಿದರು. ಏಸಿಯ ಬೀಪ್ ಕೇಳಿಸಿತು. ಆಮೇಲೆ ಇಂಚರಾಳ ಕೋರಿಕೆಯ ಮೇಲೆ ಕೆಳಗಿಳಿದು ಮೀಟರ್ ಓದಿದರು. ಹೋದ ರೀಡಿಂಗಿನಿಂದ ಈಚೆಗೆ ಇನ್ನೂರಾಅರವತ್ತೊಂದು ಯೂನಿಟ್.

ಇಂಚರಾ ಕ್ಯಾಲೆಂಡರಿನ ಹಿಂಬದಿಯಲ್ಲಿ ಎರಡೂ ಸಂಖ್ಯೆ ಬರೆದಳು. ವಿಜಯವಾಡ, ಮೂವರು, 226. ವಿಶಾಖಪಟ್ಟಣ, ಲುಂಗಿ, 261.

ಶ್ರೀಕಂಠ ಕರೆಂಟ್ ಹೋದ ವಿಚಾರ ಹೇಳಿದ, ಏಸಿ ತಾನಾಗಿ ಶುರುವಾಗುವ ವಿಚಾರ ಹೇಳಿದ, ಕಂಪನಿಯವರು ಇದನ್ನು ಡಬ್ಬದ ಮೇಲೆ ದೊಡ್ಡದಾಗಿ ಬರೆಯಬೇಕು ಎಂದ. ಅವನ ಮಾತು ಮುಗಿದ ಮೇಲೆ ಗಿರಿಜಮ್ಮ ಕೇಳಿದರು:

"ಆ ಮಂಚಕ್ಕೂ ಬಿಪಿ ಇದ್ಯಾ ಅಳಿಯಂದ್ರೆ?"

ಗಗನಾ ಎದ್ದು ಅಡಿಗೆಮನೆಗೆ ಹೋದಳು. ಅಲ್ಲಿಂದ ಅವಳು ನಗುವುದು ಕೇಳಿಸಿತು. ಒಂಬತ್ತು ದಿನದಲ್ಲಿ ಮೊದಲ ಸಲ.

"ನನ್ನ ಮಗಳು ಸುಕ್ಕಿನ ಬಟ್ಟೇಲಿ ಕೆಲಸಕ್ಕೆ ಹೋದ್ಲು," ಎಂದರು ಗಿರಿಜಮ್ಮ. ದನಿ ಏರಿಸಲಿಲ್ಲ. "ನಾನು ಒದ್ದೆ ಸೆರಗು ಹಾಕ್ಕೊಂಡು ಮಲಗಿದೆ. ಸರಿ, ಮನೆ ಉಳಿತಾಯ, ಮಾಡೋಣ ಅಂತ ಮಾಡಿದ್ವಿ. ಒಂದು ಯೂನಿಟ್ ಜಾಸ್ತಿ ಆಯ್ತು, ಏಸಿ ಇಲ್ಲ ಅಂದ್ರಿ. ನಿಮ್ಮದು ಎಷ್ಟು ಜಾಸ್ತಿ ಆಯ್ತು?"

"ಮೂವತ್ತಾರು," ಎಂದ ಶ್ರೀಕಂಠ. ಕೂಡಿ ಕಳೆಯುವುದರಲ್ಲಿ ಅವನು ಸುಳ್ಳು ಹೇಳುವವನಲ್ಲ.

"ಹಂಗಾದ್ರೆ ರೂಲ್ ಏನ್ ಹೇಳುತ್ತೆ? ಅದನ್ನೂ ನೀವೇ ಹೇಳ್ಬಿಡಿ."

ರೂಲ್ ಏನೂ ಹೇಳುತ್ತಿರಲಿಲ್ಲ. ಸುತ್ತೋಲೆ ಹೊರಡಿಸಿದವನೇ ದಾಟಿದರೆ ಏನು ಎಂಬ ಕಲಮನ್ನು ಅವನು ಬರೆದಿರಲಿಲ್ಲ. ಅವನು ಜೇಬಿನಿಂದ ಟಿವಿಯ ಪಿನ್ ತೆಗೆದು ಮೇಜಿನ ಮೇಲಿಟ್ಟ. ನಂತರ ಫೋನ್ ತೆಗೆದು ಗುಂಪಿನಲ್ಲಿ ಏನೋ ಬರೆಯತೊಡಗಿದ. ಸುತ್ತೋಲೆ ಬೇಡ, ಚಪ್ಪಲಿ ಹಾಕಿಕೊಳ್ಳಿ, ಅಂಗಡಿ ತೆರೆದಿರುತ್ತದೆ ಎಂದು ಅಡಿಗೆಮನೆಯಿಂದ ಗಗನಾ ಕೂಗಿ ಹೇಳಿದಳು.

ಬೆಸೆಂಟ್ ರೋಡಿನ ಹತ್ತಿರದ ಒಂದು ಅಂಗಡಿಗೆ ಅವರು ನಾಲ್ವರೂ ಹೋಗಿ ಒಂದು ಟನ್ನಿನ, ಐದು ಸ್ಟಾರಿನ ಏಸಿ ನೋಡಿದರು. ಕರೆಂಟ್ ಹೋಗಿ ಬಂದಾಗ ತಾನಾಗಿ ಶುರುವಾಗದ ಏಸಿ ಇದೆಯೇ ಎಂದು ಶ್ರೀಕಂಠ ಮೂರು ಸಲ ವಿಚಾರಿಸಿದ. ಅದನ್ನು ಬೇಡವೆಂದು ಕೇಳಿದ ಮೊದಲ ಗಿರಾಕಿ ನೀವೇ ಎಂದು ಅಂಗಡಿಯವನು ಹೇಳಿದ. ಬಿಲ್ ಬರೆಯುವಾಗ ಅವನು ಕಟ್ಟೇಸ್ತಾರಾ ಎಂದು ಕೇಳಿದ. ಶ್ರೀಕಂಠ ಕಾರ್ಡ್ ಕೊಡುವ ಮುಂಚೆ ಮಗಳ ಕಡೆ ತಿರುಗಿ, ಇದು ಯಾವುದು ಎಂದ.

"ಇದು ದುಡ್ಡು," ಎಂದಳು ಇಂಚರಾ.

ಸೋಮವಾರ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಇಬ್ಬರು ಬಂದು ಗಿರಿಜಮ್ಮನವರ ಕೋಣೆಯ ಗೋಡೆ ಕೊರೆದರು. ಎರಡು ಗಂಟೆಗೆ ಏಸಿ ಶುರುವಾಯಿತು. ಗಿರಿಜಮ್ಮ ಅದನ್ನು ಇಪ್ಪತ್ತೇಳು ಡಿಗ್ರಿಗೆ ಇಟ್ಟು, ಬಾಗಿಲು ಮುಚ್ಚಿ, ಐದೂವರೆವರೆಗೆ ಮಲಗಿದರು.